ಮೆಷಿನ್ ಇಲ್ಲದ ಹಾಸ್ಟೆಲ್ ರೂಮಿನಲ್ಲಿ ಹೊಲಿಗೆ: ಕಣದ ಚೀಲದಿಂದ ಕೌದಿಯವರೆಗೆ

ನಮ್ಮ ಕಡೆ ಯಾವ ಮನೆಯ ಬೀರು ತೆಗೆದರೂ ಒಂದು ಮೂಲೆಯಲ್ಲಿ ರವಿಕೆ ಕಣಗಳ ಅಟ್ಟಿ ಇರುತ್ತದೆ. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಕೊಟ್ಟದ್ದು, ಸೀಮಂತಕ್ಕೆ ಬಂದದ್ದು, ಗೃಹಪ್ರವೇಶದಲ್ಲಿ ಉಡಿ ತುಂಬಿದ್ದು. ರವಿಕೆಯಾಗುವುದು ಅದರಲ್ಲಿ ಕೆಲವೇ. ಉಳಿದವು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತವೆ. ಕಾಲೇಜಿಗೆ ಹೋಗುವವರಿಗೆ ಹೊಲಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಬಟ್ಟೆ ಬೇರೆ ಬೇಕಿಲ್ಲ. ಅಮ್ಮನ ಹತ್ತಿರ ಕೇಳಿದರೆ ಸಂತೋಷವಾಗಿ ಕೊಡುತ್ತಾರೆ, ಕೆಟ್ಟರೂ ಯಾರೂ ಬೈಯುವುದಿಲ್ಲ.

ಕೈಯಲ್ಲಿ ಹೊಲಿದದ್ದು ಬಾಳಿಕೆ ಬರುವುದಿಲ್ಲ ಎನ್ನುವ ಮಾತು ಸರಿಯಲ್ಲ. ಸರಿಯಾಗಿ ಹಾಕಿದ ಬ್ಯಾಕ್ ಸ್ಟಿಚ್ ನಾಲ್ಕು ಕಿಲೋ ಪುಸ್ತಕದ ಭಾರವನ್ನು ನಿಶ್ಚಿಂತೆಯಿಂದ ಹೊರುತ್ತದೆ. ಹೊಸಬರ ಕೆಲಸ ಕೆಡುವುದು ಬಹುಮಟ್ಟಿಗೆ ಸೂಜಿ ಹಿಡಿಯುವ ಮೊದಲೇ: ಬಟ್ಟೆ ಒಗೆದಿರುವುದಿಲ್ಲ, ಕತ್ತರಿಸಿದ್ದು ಓರೆಯಾಗಿರುತ್ತದೆ, ದಾರ ಮೂರು ಮೊಳ ಉದ್ದ ಇರುತ್ತದೆ. ಆದ್ದರಿಂದ ಬಟ್ಟೆಯ ತಯಾರಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಆ ಭಾಗವನ್ನು ದಾಟಿಸಿಕೊಂಡು ನೇರವಾಗಿ ಚೀಲಕ್ಕೆ ಹೋಗಬೇಡಿ.

ಬಟ್ಟೆ ನೋಡುವುದು, ಒಗೆಯುವುದು, ಕತ್ತರಿಸುವುದು

ಕಣಗಳೆಲ್ಲ ಒಂದೇ ಅಲ್ಲ. ಬೆಳಕಿಗೆ ಹಿಡಿದು ನೋಡಿ. ಆಚೆ ಇಟ್ಟ ಬೆರಳು ಸ್ಪಷ್ಟವಾಗಿ ಕಂಡರೆ ಅದು ಚೀಲದ ಒಳಬಟ್ಟೆಗೂ ತೆಳು. ಒಂದು ಮೂಲೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಉಜ್ಜಿ. ಬಿಳಿ ಪುಡಿ ಉದುರಿದರೆ ಗಂಜಿಯೇ ಹೆಚ್ಚು, ಒಗೆದ ಮೇಲೆ ಜಾಳಾಗಿ ಉಳಿಯುತ್ತದೆ. ಟೂ ಬೈ ಟೂ ಎಂದು ಮಾರುವ ಕಣ ಸಿಕ್ಕಿದರೆ ಅದನ್ನು ಬೇರೆ ತೆಗೆದಿಡಿ. ಅದರಲ್ಲಿ ಹಾಸು (ಉದ್ದಕ್ಕೆ ಓಡುವ ನೂಲು), ಹೊಕ್ಕು (ಅಡ್ಡಕ್ಕೆ ಓಡುವ ನೂಲು) ಎರಡಕ್ಕೂ ಎರಡೆಳೆ ಹುರಿ ಮಾಡಿದ ನೂಲು ಬಳಸಿರುತ್ತಾರೆ, ತೆಳ್ಳಗಿದ್ದರೂ ಗಟ್ಟಿ.

ಹತ್ತಿಯೋ ಪಾಲಿಯೆಸ್ಟರೋ ಗೊತ್ತಾಗದಿದ್ದರೆ ಅಂಚಿನಿಂದ ನಾಲ್ಕು ನೂಲು ಎಳೆದು, ಬಚ್ಚಲಿನಲ್ಲಿ ನೀರಿನ ಮಗ್ಗಿನ ಮೇಲೆ ಹಿಡಿದು ಬೆಂಕಿಕಡ್ಡಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದನ್ನು ತಿಳಿದಿಟ್ಟುಕೊಳ್ಳಬೇಕಾದ ಕಾರಣ ಒಂದೇ: ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಒಗೆಯದೆ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಒಂದು ಬದಿ ಸುಕ್ಕುಗಟ್ಟುತ್ತದೆ. ಬಿಚ್ಚಿ ಹೊಲಿಯುವುದು ಬಿಟ್ಟು ಅದಕ್ಕೆ ಬೇರೆ ಉಪಾಯವಿಲ್ಲ.

ಹಾಗಾಗಿ ಹೊಸ ಹತ್ತಿ ಬಟ್ಟೆಯನ್ನು ರಾತ್ರಿಯಿಡೀ ಬರೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡದೆ ನೆರಳಿನಲ್ಲಿ ಒಣಹಾಕಿ. ಕಡುಗೆಂಪು, ಕಡುನೀಲಿ, ಹಸಿರು ಬಣ್ಣದವನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ಹಾಕಿ. ಉಪ್ಪುನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಂಬಿ ಕೂರಬೇಡಿ. ಬಟ್ಟೆಗೆ ಬಣ್ಣ ಹಾಕುವಾಗ ಉಪ್ಪಿನ ಕೆಲಸ ಇದೆ, ಹಾಕಿಯಾದ ಮೇಲೆ ಸಡಿಲವಾಗಿ ಉಳಿದ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ನೀರು ತಿಳಿಯಾಗುವವರೆಗೆ ಜಾಲಿಸುವುದೇ ದಾರಿ. ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ಉಜ್ಜಿ ನೋಡಿ. ಇನ್ನೂ ಬಣ್ಣ ಹತ್ತಿದರೆ ಆ ಕಣವನ್ನು ತಿಳಿ ಬಣ್ಣದ ಬಟ್ಟೆಯ ಜೊತೆ ಸೇರಿಸಬೇಡಿ.

ಕೈಯಿಂದ ಜಾರಿ ಜಾರಿ ಹೋಗುವ ಹಳೆಯ ಸಿಂಥೆಟಿಕ್ ಸೀರೆಯ ತುಂಡಾದರೆ ಇನ್ನೊಂದು ಉಪಾಯವಿದೆ. ಅನ್ನ ಬಸಿದ ಗಂಜಿಯನ್ನು ನೀರಿಗೆ ಬೆರೆಸಿ ಶೋಧಿಸಿ, ಅದರಲ್ಲಿ ಅದ್ದಿ ಒಣಗಿಸಿ. ಬಟ್ಟೆ ಕಾಗದದ ಹಾಗೆ ಬಿರುಸಾಗಿ ನಿಲ್ಲುತ್ತದೆ, ಗೆರೆ ಎಳೆಯಲೂ ಕತ್ತರಿಸಲೂ ಸುಲಭ. ಹೊಲಿದಾದ ಮೇಲೆ ಒಗೆದರೆ ಗಂಜಿ ಹೋಗುತ್ತದೆ.

ನೇರವಾಗಿ ಕತ್ತರಿಸಲು ಸ್ಕೇಲನ್ನು ನಂಬಬೇಡಿ, ನೂಲನ್ನು ನಂಬಿ. ಅಂಚಿನಲ್ಲಿ ಅರ್ಧ ಇಂಚು ಕತ್ತರಿ ಹಾಕಿ, ಅಲ್ಲಿಂದ ಹೊಕ್ಕಿನ ಒಂದು ನೂಲನ್ನು ಉಗುರಿನಿಂದ ಎತ್ತಿ ನಿಧಾನವಾಗಿ ಎಳೆಯಿರಿ. ಬಟ್ಟೆ ನೆರಿಗೆಗಟ್ಟುತ್ತದೆ, ನೂಲು ಹೊರಬಂದ ದಾರಿಯಲ್ಲಿ ಒಂದು ತೆಳು ಗೆರೆ ಮೂಡುತ್ತದೆ. ಆ ಗೆರೆಯ ಮೇಲೇ ಕತ್ತರಿಸಿ. ನೂಲು ನಡುವೆ ತುಂಡಾದರೆ ಅಲ್ಲಿಯವರೆಗೆ ಕತ್ತರಿಸಿ, ತುಂಡಾದ ತುದಿಯನ್ನು ಹುಡುಕಿ ಮುಂದುವರಿಸಿ. ಅಚ್ಚು ಹಾಕಿದ ಚೌಕಳಿಯನ್ನು ನೋಡಿ ಕತ್ತರಿಸಿದರೆ ಮೋಸ ಹೋಗುತ್ತೀರಿ. ಅಚ್ಚು ಎಷ್ಟೋ ಸಲ ಬಟ್ಟೆಗೇ ಓರೆಯಾಗಿ ಬಿದ್ದಿರುತ್ತದೆ. ಹಾಸಿನ ನೂಲಿಗೆ ಓರೆಯಾಗಿ ಕತ್ತರಿಸಿದ ಚೀಲ ಹೊಲಿದ ದಿನ ಚೆನ್ನಾಗಿಯೇ ಕಾಣುತ್ತದೆ. ಭಾರ ಬಿದ್ದು ಒಂದು ತಿಂಗಳಾದ ಮೇಲೆ ಒಂದು ಮೂಲೆ ಜೋತು ಬೀಳುತ್ತದೆ.

ಸೂಜಿ, ದಾರ ಮತ್ತು ಮೂರು ಹೊಲಿಗೆ

ಕೈಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು. ಮೆಷಿನ್ ಸೂಜಿಯಲ್ಲಿ ಇದು ತಿರುಗುಮುರುಗು. ಕಣಕ್ಕೆ, ಹಳೆಯ ಬೆಡ್‌ಶೀಟಿಗೆ 7 ಅಥವಾ 8. ಸೀರೆಗೆ ಫಾಲ್ ಹಾಕಲು 9 ಅಥವಾ 10. ತೇಪೆ ಜೋಡಿಸಿ ಹೊಲಿಯುವ ಕೌದಿಗೆ ದೊಡ್ಡ ಕಣ್ಣಿನ ದಪ್ಪ ಸೂಜಿ. ಉಡುಪಿ, ಮಂಗಳೂರು ಕಡೆಯ ಮಳೆಗಾಲದಲ್ಲಿ ಸೂಜಿಗೆ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಹಿಡಿದ ಸೂಜಿ ಬಟ್ಟೆಯಲ್ಲಿ ಕಂದು ಕಲೆ ಬಿಡುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಅಂಥದ್ದನ್ನು ಉಜ್ಜಿ ಬಳಸುವ ಬದಲು ಎಸೆದುಬಿಡುವುದೇ ಮೇಲು.

ದಾರ ಪಾಲಿಯೆಸ್ಟರಿನದು ತೆಗೆದುಕೊಳ್ಳಿ. ಮ್ಯಾಚಿಂಗ್ ಸೆಂಟರಿನಲ್ಲಿ ಬಟ್ಟೆಯ ತುಂಡು ತೋರಿಸಿದರೆ ಹೊಂದುವ ರೀಲು ಕೊಡುತ್ತಾರೆ. ಸರಿಯಾಗಿ ಹೊಂದುವುದು ಸಿಗದಿದ್ದರೆ ಒಂದು ಛಾಯೆ ಕಡು ಬಣ್ಣದ್ದನ್ನು ಆರಿಸಿ, ಹೊಲಿದ ಮೇಲೆ ತಿಳಿ ದಾರವೇ ಎದ್ದು ಕಾಣುವುದು. ಸೂಜಿಗೆ ಪೋಣಿಸಿದ ಮೇಲೆ ದಾರ ಒಂದು ಮೊಳಕ್ಕಿಂತ ಉದ್ದ ಇರಬಾರದು. ಎರಡೆಳೆ ಬೇಕಾದರೆ ಎರಡು ಮೊಳ ಕತ್ತರಿಸಿ ಮಡಚಿ. ಮತ್ತೆ ಮತ್ತೆ ಪೋಣಿಸುವುದು ಬೇಸರ ಎಂದು ಉದ್ದ ದಾರ ಹಾಕಿದರೆ ಅದೇ ದಾರ ಬಟ್ಟೆಯೊಳಗೆ ನೂರಾರು ಸಲ ಓಡಾಡಿ ಜೂಲಾಗುತ್ತದೆ, ಸಿಕ್ಕಾಗುತ್ತದೆ, ಕೊನೆಗೆ ಕಡಿಯುತ್ತದೆ. ಎರಡೆಳೆ ದಾರವನ್ನು ಮೇಣದ ಬತ್ತಿಯ ಮೇಲೆ ಒಂದೆರಡು ಸಲ ಎಳೆದುಕೊಳ್ಳಿ, ಎಳೆಗಳು ಅಂಟಿಕೊಂಡು ಒಂದಾಗುತ್ತವೆ. ಹೊಲಿಯುತ್ತಾ ದಾರಕ್ಕೆ ಹುರಿ ಏರಿದರೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ತೂಗಲು ಬಿಡಿ. ತಾನೇ ಗಿರಗಿರನೆ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ.

ರನ್ನಿಂಗ್, ಬ್ಯಾಕ್ ಸ್ಟಿಚ್, ಹೆಮ್ಮಿಂಗ್, ಈ ಮೂರು ಬಂದರೆ ಇಲ್ಲಿರುವುದನ್ನೆಲ್ಲ ಹೊಲಿಯಬಹುದು. ರನ್ನಿಂಗ್ ಎಲ್ಲರಿಗೂ ಗೊತ್ತು, ಮೇಲೆ ಕೆಳಗೆ ಹೋಗುವುದು. ಅದರ ತೊಂದರೆ ಎಂದರೆ ಒಂದು ಕಡೆ ಕಡಿದರೆ ಸಾಲು ಪೂರ್ತಿ ಸುಯ್ಯನೆ ಬಿಚ್ಚಿಕೊಳ್ಳುತ್ತದೆ. ಭಾರ ಬೀಳುವ ಕಡೆಗೆಲ್ಲ ಬ್ಯಾಕ್ ಸ್ಟಿಚ್ಚೇ ಬೇಕು. ಸೂಜಿಯನ್ನು 3 ಮಿಲಿಮೀಟರ್ ಮುಂದೆ ಮೇಲಕ್ಕೆ ತೆಗೆದು, ಹಿಂದಿನ ಹೊಲಿಗೆ ಮುಗಿದ ತೂತಿಗೇ ವಾಪಸು ಚುಚ್ಚಿ, ಅಡಿಯಲ್ಲಿ 6 ಮಿಲಿಮೀಟರ್ ಮುಂದೆ ಹೋಗಿ ಮತ್ತೆ ಮೇಲೆ ಬರುವುದು. ಮೇಲಿನಿಂದ ಮೆಷಿನ್ ಹೊಲಿಗೆಯ ಹಾಗೆ ಕಾಣುತ್ತದೆ. ಅಡಿಯಲ್ಲಿ ದಾರ ಒಂದರ ಮೇಲೊಂದು ಬಿದ್ದಿರುತ್ತದೆ, ಗಟ್ಟಿತನ ಬರುವುದು ಅದರಿಂದಲೇ. ಒಂದು ಇಂಚಿಗೆ ಸುಮಾರು ಎಂಟು ಹೊಲಿಗೆ ಬಂದರೆ ಸಾಕು. ಪ್ರತಿ ಗೇಣಿಗೊಮ್ಮೆ ಅದೇ ಜಾಗದಲ್ಲಿ ಎರಡು ಸಲ ಹೊಲಿದು ಮುಂದೆ ಹೋಗಿ. ಪ್ರತಿ ಸಲವೂ ದಾರವನ್ನು ಬಿಗಿಯಾಗಿ ಜಗ್ಗುವ ಅಭ್ಯಾಸ ಬೇಡ. ದಾರ ಬಟ್ಟೆಗೆ ತಾಗಿ ಕೂತರೆ ಮುಗಿಯಿತು. ಜಗ್ಗಿದರೆ ಸಾಲು ಉದ್ದಕ್ಕೂ ಸುಕ್ಕು. ಹೆಮ್ಮಿಂಗ್ ಎಂದರೆ ಮಡಚಿದ ಅಂಚನ್ನು ಸಣ್ಣ ಓರೆ ಹೊಲಿಗೆಯಿಂದ ಬಟ್ಟೆಗೆ ಕೂರಿಸುವುದು.

ಇಸ್ತ್ರಿ ಇಲ್ಲದಿದ್ದರೆ ಮಡಿಕೆಯನ್ನು ತುಸು ಒದ್ದೆ ಮಾಡಿ, ಗಟ್ಟಿ ಮೇಜಿನ ಮೇಲಿಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ಒತ್ತಿ ಎಳೆಯಿರಿ. ಹತ್ತಿಗೆ ಇಷ್ಟು ಸಾಕು. ಕತ್ತರಿ ಒಂದನ್ನು ಬಟ್ಟೆಗೆ ಮಾತ್ರ ಮೀಸಲಿಡಿ. ಅದರಲ್ಲಿ ಕಾಗದ ಕತ್ತರಿಸಿದರೆ ಅಲಗು ಮೊಂಡಾಗಿ, ಬಟ್ಟೆ ಕತ್ತರಿಯ ನಡುವೆ ಮಡಚಿ ಸಿಕ್ಕಿಕೊಳ್ಳಲು ಶುರುವಾಗುತ್ತದೆ.

ರೆಕಾರ್ಡ್ ಪುಸ್ತಕ ಹಿಡಿಸುವ ಚೀಲ

ಇದು ಕಾಲೇಜಿನಲ್ಲಿ ದಿನವೂ ಬೇಕಾಗುವಂಥದ್ದು. ಎ4 ಅಳತೆಯ ರೆಕಾರ್ಡ್, ಒಂದು ನೀರಿನ ಬಾಟಲಿ, ಊಟದ ಡಬ್ಬಿ ನೆಟ್ಟಗೆ ನಿಲ್ಲುವ ಹಾಗೆ ತಳಕ್ಕೆ ನಾಲ್ಕು ಇಂಚು ಅಗಲ ಕೊಟ್ಟಿದೆ. ಹೊರಗಿನ ಬಟ್ಟೆಗೆ ಹಳೆಯ ದಪ್ಪ ಬೆಡ್‌ಶೀಟ್, ಕಿಟಕಿ ಪರದೆ ಅಥವಾ ಖಾದಿ, ಒಳಗೆ ಕಣ. ಒಳಬಟ್ಟೆ ಹಾಕುವುದು ಬರೀ ಅಂದಕ್ಕಲ್ಲ. ಕೈಹೊಲಿಗೆಯಲ್ಲಿ ಓವರ್‌ಲಾಕ್ ಇರುವುದಿಲ್ಲ, ಕತ್ತರಿಸಿದ ಅಂಚಿನ ನೂಲು ಕಿತ್ತು ಬರುತ್ತದೆ. ಒಳಬಟ್ಟೆ ಹಾಕಿದರೆ ಆ ಅಂಚುಗಳೆಲ್ಲ ಎರಡು ಪದರಗಳ ನಡುವೆ ಮುಚ್ಚಿಹೋಗುತ್ತವೆ.

ಎರಡೂ ಬಟ್ಟೆಯಿಂದ 15 ಇಂಚು ಅಗಲ, 34 ಇಂಚು ಉದ್ದದ ಒಂದೊಂದು ತುಂಡು. ಹೊರಬಟ್ಟೆಯಲ್ಲಿ ಹಾಸಿನ ನೂಲು 34 ಇಂಚಿನ ಉದ್ದಕ್ಕೇ ಬರಬೇಕು, ಭಾರ ಆ ದಿಕ್ಕಿನಲ್ಲಿ ಬೀಳುತ್ತದೆ. ಕಣದ ಉದ್ದ ಸಾಮಾನ್ಯವಾಗಿ 80 ಸೆಂಟಿಮೀಟರಿನಿಂದ ಒಂದು ಮೀಟರ್ ಇರುತ್ತದೆ. ಉದ್ದದಲ್ಲಿ ಸಾಲದಿದ್ದರೆ ಅಗಲದಿಂದ 34 ಇಂಚು ತೆಗೆದುಕೊಳ್ಳಿ. ಒಳಬಟ್ಟೆಗೆ ಹಾಸು ಅಡ್ಡ ಬಂದರೂ ನಡೆಯುತ್ತದೆ. ಹಿಡಿಕೆಗೆ ಹೊರಬಟ್ಟೆಯಿಂದ 4 ಇಂಚು ಅಗಲ, 26 ಇಂಚು ಉದ್ದದ ಎರಡು ಪಟ್ಟಿ.

ಹೊರಬಟ್ಟೆಯನ್ನು ಮುಖ (ಹೊರಗೆ ಕಾಣಬೇಕಾದ ಬದಿ) ಒಳಗೆ ಬರುವ ಹಾಗೆ 17 ಇಂಚಿಗೆ ಮಡಚಿ. ಎರಡೂ ಪಕ್ಕಗಳಿಗೆ ಅಂಚಿನಿಂದ ಅರ್ಧ ಇಂಚು ಬಿಟ್ಟು ಎರಡೆಳೆ ದಾರದ ಬ್ಯಾಕ್ ಸ್ಟಿಚ್ ಹಾಕಿ. ಈಗ ತಳದ ಮೂಲೆ. ಒಂದು ಮೂಲೆಯೊಳಗೆ ಕೈ ಹಾಕಿ ಬಟ್ಟೆಯನ್ನು ಬಿಡಿಸಿ, ಪಕ್ಕದ ಹೊಲಿಗೆ ತಳದ ಮಡಿಕೆಯ ಗೆರೆಯ ಮೇಲೆ ನೇರವಾಗಿ ಕೂರುವ ಹಾಗೆ ಚಪ್ಪಟೆ ಮಾಡಿ. ಮೂಲೆ ತ್ರಿಕೋನವಾಗುತ್ತದೆ. ತುದಿಯಿಂದ ಹೊಲಿಗೆಯ ಮೇಲೇ 2 ಇಂಚು ಅಳೆದು ಗುರುತು ಹಾಕಿ, ಆ ಗುರುತಿನಲ್ಲಿ ಅಡ್ಡಗೆರೆ ಎಳೆಯಿರಿ. ಗೆರೆಯ ಉದ್ದ ಸರಿಯಾಗಿ 4 ಇಂಚು ಬರಬೇಕು, ಹೊಲಿಗೆ ಅದರ ನಟ್ಟನಡುವೆ ಇರಬೇಕು. ಎರಡು ಬದಿಗೂ 2 ಇಂಚು ಬಂದಿಲ್ಲವೆಂದರೆ ತ್ರಿಕೋನ ವಾಲಿದೆ ಎಂದರ್ಥ. ಹಾಗೇ ಹೊಲಿದರೆ ಚೀಲ ನೆಲದ ಮೇಲೆ ತಿರುಚಿಕೊಂಡು ನಿಲ್ಲುತ್ತದೆ. ಗೆರೆಯ ಮೇಲೆ ಹೊಲಿದು, ತ್ರಿಕೋನವನ್ನು ಕತ್ತರಿಸದೆ ತಳದ ಕಡೆಗೆ ಮಡಚಿ ನಾಲ್ಕು ಹೊಲಿಗೆ ಹಾಕಿ ಅಂಟಿಸಿ. ತಳ ಗಟ್ಟಿಯಾಗುತ್ತದೆ. ಇನ್ನೊಂದು ಮೂಲೆಯೂ ಹೀಗೇ.

ಒಳಬಟ್ಟೆಗೂ ಇದೇ ಕ್ರಮ, ಒಂದು ವ್ಯತ್ಯಾಸದೊಂದಿಗೆ. ಹೊರಚೀಲದ ಅಳತೆಯದ್ದೇ ಒಳಚೀಲ ಮಾಡಿದರೆ ಅದು ಒಳಗೆ ಮುದುಡಿ ಕೂರುತ್ತದೆ, ಪೆನ್ನು, ಬೀಗದ ಕೈ ಎಲ್ಲ ಆ ಮಡಿಕೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಬಾಯಿಯ ಹತ್ತಿರ ಅರ್ಧ ಇಂಚಿನಲ್ಲೇ ಶುರು ಮಾಡಿ, ಮೂರು ಇಂಚು ಕೆಳಗೆ ಬರುವಷ್ಟರಲ್ಲಿ ಇನ್ನೊಂದು 3 ಮಿಲಿಮೀಟರ್ ಒಳಗೆ ಸರಿದು, ಅದೇ ಅಳತೆಯಲ್ಲಿ ತಳದವರೆಗೆ ಹೊಲಿಯಿರಿ. ಬಾಯಿಯ ಸುತ್ತಳತೆ ಎರಡಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ಮೇಲೆ ಜೋಡಿಸುವಾಗ ಹೊರಬಟ್ಟೆ ಮಿಕ್ಕುತ್ತದೆ. ಒಳಜೇಬು ಬೇಕಿದ್ದರೆ ಪಕ್ಕ ಹೊಲಿಯುವ ಮೊದಲೇ ಹಾಕಿಕೊಳ್ಳಿ. ಚೀಲವಾದ ಮೇಲೆ ಹಾಕುವುದು ಕಷ್ಟ.

ಹಿಡಿಕೆಯ ಪಟ್ಟಿಯ ಎರಡೂ ಅಂಚನ್ನು ಉದ್ದಕ್ಕೂ ನಡುವಿನ ಗೆರೆಗೆ ಮಡಚಿ, ಮತ್ತೊಮ್ಮೆ ಅರ್ಧಕ್ಕೆ ಮಡಚಿದರೆ ನಾಲ್ಕು ಪದರದ ಒಂದು ಇಂಚಿನ ಪಟ್ಟಿ. ತೆರೆದ ಅಂಚಿಗೆ ಹೊಲಿಗೆ ಹಾಕಿ. ಹಳೆಯ ಜೀನ್ಸಿನ ಬಟ್ಟೆಯಾದರೆ ನಾಲ್ಕು ಪದರಕ್ಕೆ ಕೈಸೂಜಿ ಇಳಿಯುವುದಿಲ್ಲ, ಮುರಿಯುತ್ತದೆ. ಆಗ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಒಂದು ಇಂಚು ಅಗಲದ ಹತ್ತಿ ನವಾರು ತಂದು ಬಿಡಿ.

ಈಗ ಜೋಡಿಸುವುದು. ಹೊರಚೀಲವನ್ನು ಮುಖ ಹೊರಗೆ ಬರುವಂತೆ ತಿರುಗಿಸಿ, ಬಾಯಿಯನ್ನು ಅರ್ಧ ಇಂಚು ಒಳಗೆ ಮಡಚಿ. ಒಳಚೀಲವನ್ನು ತಿರುಗಿಸದೆ ಹಾಗೇ, ಬಾಯಿಯನ್ನು ಹೊರಕ್ಕೆ ಮಡಚಿ ಹೊರಚೀಲದೊಳಗೆ ಇಳಿಸಿ. ಅದು ಹೊರಬಟ್ಟೆಯ ಅಂಚಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ಇರಲಿ, ಹೊರಗಿನಿಂದ ಕಾಣಬಾರದು. ಹಿಡಿಕೆಯ ತುದಿಗಳನ್ನು ಪಕ್ಕದ ಹೊಲಿಗೆಯಿಂದ ಮೂರೂವರೆ ಇಂಚು ಬಿಟ್ಟು ಎರಡು ಪದರಗಳ ನಡುವೆ ಒಂದೂವರೆ ಇಂಚು ಆಳಕ್ಕೆ ಇಳಿಸಿ. ಒಂದೇ ಹಿಡಿಕೆಯ ಎರಡು ತುದಿಗಳೂ ಒಂದೇ ಬದಿಗೆ ಬರಬೇಕು, ಪಟ್ಟಿ ತಿರುಚಿರಬಾರದು. ಗುಂಡುಸೂಜಿ ಹಾಕಿ, ಬೇರೆ ಬಣ್ಣದ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ (ಕೊನೆಗೆ ಬಿಚ್ಚಿ ತೆಗೆಯುವಂಥದ್ದು) ಹಾಕಿ ಕೂರಿಸಿಕೊಂಡ ಮೇಲೆಯೇ ಬಾಯಿಯ ಸುತ್ತ, ಅಂಚಿನಿಂದ ಕಾಲು ಇಂಚು ಕೆಳಗೆ ಬ್ಯಾಕ್ ಸ್ಟಿಚ್ ಹಾಕಿ. ಹಿಡಿಕೆಯ ಬುಡ ನಾಲ್ಕಕ್ಕೂ ಎಲ್ಲ ಪದರ ಹಿಡಿಯುವ ಹಾಗೆ ಒಂದು ಇಂಚಿನ ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ಭಾರವೆಲ್ಲ ಬೀಳುವುದು ಇಲ್ಲಿಯೇ. ಬರೀ ಬಾಯಿಯ ಒಂದು ಸಾಲು ಹೊಲಿಗೆಯನ್ನು ನಂಬಿದರೆ ಕಿತ್ತು ಬರುವುದೂ ಇಲ್ಲಿಯೇ.

ಮುಗಿದ ಚೀಲದ ತಳ 10 ಇಂಚಿಗೆ 4, ಎತ್ತರ ಹದಿನಾಲ್ಕೂವರೆ. ಬಳಸುವ ಮೊದಲು ಒಂದು ಲೀಟರಿನ ನಾಲ್ಕು ನೀರಿನ ಬಾಟಲಿ ತುಂಬಿ ರಾತ್ರಿಯಿಡೀ ಬಾಗಿಲ ಕೊಂಡಿಗೆ ತೂಗುಹಾಕಿ. ಬೆಳಿಗ್ಗೆ ಹಿಡಿಕೆಯ ಬುಡದಲ್ಲಿ ಬಟ್ಟೆಯ ನೂಲು ಜರುಗಿ ಸಂದು ಬಿಟ್ಟಿದ್ದರೆ, ಒಳಗಡೆ ಎರಡು ಇಂಚಿನ ಚೌಕದ ತೇಪೆ ಇಟ್ಟು ಮತ್ತೆ ಹೊಲಿಯಿರಿ.

ಲಾಡಿ ಚೀಲ

ಚಾರ್ಜರ್, ಸೋಪು, ಒಳ ಉಡುಪು, ಏನು ಬೇಕಾದರೂ ಹಾಕಲು. 9 ಇಂಚಿಗೆ 22 ಇಂಚಿನ ಒಂದು ತುಂಡು, ಒಳಬಟ್ಟೆ ಬೇಡ. ಮುಖ ಒಳಗೆ ಬರುವಂತೆ 11 ಇಂಚಿಗೆ ಮಡಚಿ, ಮೇಲಿನಿಂದ 3 ಇಂಚು ಎರಡೂ ಪಕ್ಕ ಹಾಗೇ ಬಿಟ್ಟು, ಅಲ್ಲಿಂದ ತಳದವರೆಗೆ ಅರ್ಧ ಇಂಚಿನಲ್ಲಿ ಹೊಲಿಯಿರಿ. ಬಿಟ್ಟ 3 ಇಂಚಿನ ಅಂಚುಗಳನ್ನು ಒಳಕ್ಕೆ ಮಡಚಿ ಹೆಮ್ಮಿಂಗ್ ಮಾಡಿ. ಆಮೇಲೆ ಬಾಯಿಯನ್ನು ಮೊದಲು ಕಾಲು ಇಂಚು, ನಂತರ ಒಂದೂಕಾಲು ಇಂಚು ಕೆಳಗೆ ಮಡಚಿ ಹೊಲಿದರೆ ಲಾಡಿ ಓಡುವ ದಾರಿ ಸಿದ್ಧ, ಪಕ್ಕದ ಹೊಲಿಗೆ ಅದರ ಕೆಳಗೇ ಮುಗಿದಿರುತ್ತದೆ. ಮೊದಲೇ ಪಕ್ಕವನ್ನು ಮೇಲಿನವರೆಗೂ ಹೊಲಿದುಬಿಟ್ಟರೆ ಲಾಡಿ ಹೊರಬರಲು ಬಾಯಿಯೇ ಇರುವುದಿಲ್ಲ. ಹೊಸಬರು ಎಡವುವುದು ಇಲ್ಲೇ.

24 ಇಂಚಿನ ಎರಡು ಲಾಡಿ ತೆಗೆದುಕೊಳ್ಳಿ. ಒಂದನ್ನು ಪಿನ್ನಿಗೆ ಸಿಕ್ಕಿಸಿ ಎಡಗಡೆಯಿಂದ ಏರಿಸಿ, ಎರಡೂ ಬದಿ ಸುತ್ತಿಸಿ ಎಡಗಡೆಯೇ ಹೊರತೆಗೆದು ಗಂಟು ಹಾಕಿ. ಇನ್ನೊಂದನ್ನು ಬಲಗಡೆಯಿಂದ ಅದೇ ರೀತಿ. ಎರಡನ್ನೂ ಒಟ್ಟಿಗೆ ಎಳೆದರೆ ಬಾಯಿ ಮುಚ್ಚುತ್ತದೆ. ಒಂದೇ ಲಾಡಿ ಹಾಕಿದರೂ ಮುಚ್ಚುತ್ತದೆ, ಆದರೆ ಒಂದು ಬದಿಗೆ ಜಗ್ಗಿಕೊಂಡು ಮುಚ್ಚುತ್ತದೆ.

ಸೀರೆಗೆ ಫಾಲ್

ಫಾಲ್ ಹಾಕಲು ಬಂದರೆ ಅಕ್ಕಪಕ್ಕದ ರೂಮಿನವರೆಲ್ಲ ಎಥ್ನಿಕ್ ಡೇ ಹತ್ತಿರ ಬಂದಾಗ ನಿಮ್ಮ ಬಾಗಿಲಿಗೇ ಬರುತ್ತಾರೆ. ಫಾಲ್ ಸುಮಾರು 5 ಇಂಚು ಅಗಲ, ಎರಡೂವರೆ ಮೀಟರ್ ಉದ್ದದ ಪಟ್ಟಿ. ತಂದ ತಕ್ಷಣ ನೆನೆಸಿ ಒಣಗಿಸಿ. ಸೀರೆ ಕುಗ್ಗದೆ ಫಾಲ್ ಮಾತ್ರ ಕುಗ್ಗಿದರೆ ನೆರಿಗೆಯ ಕೆಳಗೆ ಸೀರೆ ಅಲೆಅಲೆಯಾಗಿ ಮುದುಡುತ್ತದೆ. ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗದು.

ಯಾವ ಅಂಚು ಕೆಳಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ಸೀರೆಯನ್ನು ಒಮ್ಮೆ ಉಟ್ಟು, ನೆಲದ ಕಡೆ ಬಂದ ಅಂಚಿನ ಒಳಮುಖಕ್ಕೆ ಪಿನ್ನು ಹಾಕಿಬಿಡಿ. ಒಳಗೆ ಸಿಕ್ಕಿಸುವ ತುದಿಯಿಂದ ಸುಮಾರು 8 ಇಂಚು ಬಿಟ್ಟು ಫಾಲ್ ಶುರು ಮಾಡಿ. ದಾರ ಸೀರೆಯ ಬಣ್ಣದ್ದಿರಲಿ, ಫಾಲಿನದ್ದಲ್ಲ. ಹೊರಗೆ ಕಾಣುವುದು ಸೀರೆಯ ಮೇಲೆ ಬಿದ್ದ ಚುಕ್ಕೆ. ನೆಲದ ಮೇಲೆ ಚಾಪೆ ಹಾಸಿ, ಸೀರೆಯನ್ನು ಚಪ್ಪಟೆಯಾಗಿ ಹರಡಿಕೊಂಡು ಹೊಲಿಯಿರಿ. ತೊಡೆಯ ಮೇಲಿಟ್ಟು ಹೊಲಿದರೆ ಬಟ್ಟೆ ಬಾಗಿ, ಫಾಲ್ ಒಂದು ಕಡೆ ಹೆಚ್ಚಾಗುತ್ತದೆ. ಮೊದಲು ಕೆಳಗಿನ ಅಂಚನ್ನು ಪೂರ್ತಿ ಕೂರಿಸಿ, ಆಮೇಲೆ ಫಾಲನ್ನು ಅಂಗೈಯಿಂದ ಮೇಲಕ್ಕೆ ಸವರಿ ಮೇಲಿನ ಅಂಚಿಗೆ ಕಚ್ಚಾ ಹೊಲಿಗೆ, ಅದರ ಮೇಲೆ ಹೆಮ್ಮಿಂಗ್. ಒಂದೆಳೆ ದಾರ, ಸೀರೆಯ ಒಂದೋ ಎರಡೋ ನೂಲನ್ನು ಮಾತ್ರ ಎತ್ತುವುದು, ಅರ್ಧ ಇಂಚಿಗೊಂದು ಹೊಲಿಗೆ. ರೇಷ್ಮೆಯಾದರೆ ಹೊಸ ಸಣ್ಣ ಸೂಜಿಯನ್ನೇ ಬಳಸಿ. ಮೊಂಡ ಸೂಜಿ ನೂಲನ್ನು ಹಿಡಿದೆಳೆದು ಅಡ್ಡಗೆರೆ ಬೀಳಿಸುತ್ತದೆ.

ಸೆರಗಿನ ಕುಚ್ಚು

ಕುಚ್ಚಿನಲ್ಲಿ ನೂರು ಬಗೆ ಇದೆ. ಕ್ರೋಶಾ ಹಾಕಿ ಮಣಿ ಪೋಣಿಸುವ ಬಗೆಗಳಿಗೆ ವರ್ಷಗಳ ಕೈಬಳಕೆ ಬೇಕು, ಅದನ್ನು ಮಾಡುವವರ ಕೆಲಸಕ್ಕೆ ಕೊಡುವ ದುಡ್ಡು ನ್ಯಾಯವಾದದ್ದೇ. ಬಿಡಿ ಕುಚ್ಚನ್ನು ಮಾಡಿ ಸೆರಗಿಗೆ ಹೊಲಿಯುವುದು ಮಾತ್ರ ಯಾರಿಗಾದರೂ ಒಂದು ಭಾನುವಾರದ ಕೆಲಸ.

ಮೊದಲು ಸೆರಗಿನ ಅಂಚು ಗಟ್ಟಿಯಿದೆಯೇ ನೋಡಿ. ಕತ್ತರಿಸಿದ ಅಂಚಿಗೆ ನೇರವಾಗಿ ಕುಚ್ಚು ಕಟ್ಟಿದರೆ, ಎರಡು ಸಲ ಉಡುವಷ್ಟರಲ್ಲಿ ಹೊಕ್ಕಿನ ನೂಲುಗಳ ಸಮೇತ ಕುಚ್ಚು ಕಳಚಿ ಬರುತ್ತದೆ. ಕಾಲು ಇಂಚು ಸುರುಳಿ ಮಡಚಿ ಹೆಮ್ಮಿಂಗ್ ಮಾಡಿ, ಇಲ್ಲವೇ ಅಂಗಡಿಯಲ್ಲಿ ಜಿಗ್‌ಜಾಗ್ ಹಾಕಿಸಿ.

ಲೆಕ್ಕ ಹೀಗೆ. ಸೆರಗು 45 ಇಂಚು ಅಗಲ, ಕುಚ್ಚು ಇಂಚಿಗೊಂದು ಎಂದರೆ, ಅಂಚಿನಿಂದ ಅರ್ಧ ಇಂಚಿಗೆ ಮೊದಲನೆಯದು ಇಟ್ಟು 45 ಕುಚ್ಚು. ಎರಡು ಇಂಚು ಎತ್ತರದ ರಟ್ಟಿಗೆ 40 ಸುತ್ತು ಸುತ್ತಿದರೆ ಒಂದು ಕುಚ್ಚಿಗೆ 160 ಇಂಚು, ಅಂದರೆ ಸುಮಾರು 4 ಮೀಟರ್ ದಾರ. ಒಟ್ಟು 183 ಮೀಟರ್ ಆಯಿತು. 200 ಮೀಟರ್ ಇಟ್ಟುಕೊಳ್ಳಿ. ಅಂಗಡಿಯ ರೇಷ್ಮೆ ದಾರದ ರೀಲುಗಳ ಉದ್ದ ಒಂದೊಂದು ಕಂಪನಿಯದು ಒಂದೊಂದು, ಚೀಟಿಯ ಮೇಲಿನ ಮೀಟರ್ ನೋಡಿ ಲೆಕ್ಕ ಹಾಕಿ. ಅರ್ಧದಲ್ಲಿ ದಾರ ಮುಗಿದು ಮತ್ತೆ ತಂದರೆ ಅದೇ ನಂಬರಿನಲ್ಲೂ ಛಾಯೆ ಬೇರೆಯಾಗಬಹುದು.

ರಟ್ಟಿಗೆ ಸುತ್ತುವಾಗ ಬಿಗಿಯಾಗಿ ಎಳೆಯಬೇಡಿ, ರಟ್ಟು ಬಾಗಿ ಕುಚ್ಚುಗಳ ಉದ್ದ ಏರುಪೇರಾಗುತ್ತದೆ. ಹಳೆಯ ಎಟಿಎಂ ಕಾರ್ಡು ಎರಡು ಇಂಚಿಗಿಂತ ತುಸು ಹೆಚ್ಚು ಅಗಲ ಇರುತ್ತದೆ, ಬಾಗುವುದಿಲ್ಲ, ಸುತ್ತಲು ಅನುಕೂಲ. ದಾರ ಮಾತ್ರ ಸ್ವಲ್ಪ ಹೆಚ್ಚು ಬೇಕಾದೀತು. ಸುತ್ತಿಯಾದ ಮೇಲೆ ಮೇಲಿನ ಅಂಚಿನಲ್ಲಿ ಎರಡೆಳೆ ದಾರ ತೂರಿಸಿ ಮೂರು ಗಂಟು ಹಾಕಿ, ತುದಿಯನ್ನು ಒಂದು ಗೇಣು ಬಿಡಿ. ಸೆರಗಿಗೆ ಹೊಲಿಯುವುದು ಇದೇ ದಾರದಿಂದ. ಕೆಳಗಿನ ಅಂಚನ್ನು ಕತ್ತರಿಸಿ ರಟ್ಟಿನಿಂದ ತೆಗೆದು, ಮೇಲಿನಿಂದ ಕಾಲು ಇಂಚಿಗೆ ಜರಿ ದಾರವನ್ನು ಆರು ಸುತ್ತು ಬಿಗಿದು ಕಟ್ಟಿ, ತುದಿಯನ್ನು ಸೂಜಿಯಿಂದ ಕುಚ್ಚಿನೊಳಗೇ ಇಳಿಸಿ. ಜರಿ ದಾರ ಜಾರುವ ಸ್ವಭಾವದ್ದು. ಬರೀ ಗಂಟನ್ನು ನಂಬಿದರೆ ಬಿಚ್ಚಿಕೊಳ್ಳುತ್ತದೆ.

ಸೆರಗಿನ ಮೇಲೆ ಗುರುತು ಹಾಕುವಾಗ ಒಂದು ತುದಿಯಿಂದ ಇಂಚು ಇಂಚಾಗಿ ಅಳೆಯುತ್ತಾ ಹೋಗಬೇಡಿ. ಪ್ರತಿ ಇಂಚಿಗೆ ಒಂದು ಮಿಲಿಮೀಟರ್ ತಪ್ಪಿದರೂ ಕೊನೆಗೆ ಒಂದೂಮುಕ್ಕಾಲು ಇಂಚು ವ್ಯತ್ಯಾಸ ಬಂದು ನಿಲ್ಲುತ್ತದೆ. ಸೆರಗನ್ನು ಅರ್ಧಕ್ಕೆ ಮಡಚಿ ನಡುವಿನ ಕುಚ್ಚಿನ ಜಾಗವನ್ನು ಮೊದಲು ಗುರುತಿಸಿ, ಅಲ್ಲಿಂದ ಎರಡೂ ಕಡೆ ಹೋಗಿ. ಗುರುತಿಗೆ ಪೆನ್ನು ಬೇಡ, ಬೇರೆ ಬಣ್ಣದ ದಾರದ ಒಂದು ಸಡಿಲ ಹೊಲಿಗೆ ಸಾಕು.

ಎಲ್ಲ ಹೊಲಿದ ಮೇಲೆ ಕುಚ್ಚುಗಳು ಕೆದರಿಕೊಂಡಿರುತ್ತವೆ. ಕುದಿಯುವ ನೀರಿನ ಹಬೆಗೆ, ಒಂದು ಗೇಣು ದೂರದಿಂದ ಕೆಲವು ಕ್ಷಣ ಹಿಡಿದು ಬೆರಳಿನಿಂದ ಕೆಳಕ್ಕೆ ಸವರಿದರೆ ಎಳೆಗಳು ನೇರವಾಗುತ್ತವೆ. ತುದಿ ಸಮ ಮಾಡಲು ಒಂದು ಕಾಗದದ ಚೂರನ್ನು ಕುಚ್ಚಿನ ಸುತ್ತ ಬಿಗಿಯಾಗಿ ಸುತ್ತಿ, ಕಾಗದದ ಅಂಚಿಗೆ ಸರಿಯಾಗಿ ಕತ್ತರಿಸಿ. ಕಣ್ಣಂದಾಜಿನಲ್ಲಿ ಕತ್ತರಿಸಿದರೆ ಸರಿಮಾಡುತ್ತಾ ಸರಿಮಾಡುತ್ತಾ ಕುಚ್ಚು ಒಂದೂವರೆ ಇಂಚಿಗೆ ಇಳಿದಿರುತ್ತದೆ.

ಉಳಿದ ಚಿಂದಿಗೆ ಕೌದಿ

ಇಷ್ಟೆಲ್ಲ ಮಾಡಿದ ಮೇಲೆ ಉಳಿದ ತುಂಡುಗಳನ್ನು ಎಸೆಯಬೇಡಿ; ಸಾಲದಿದ್ದರೆ ಊರಿನ ಟೈಲರ್ ಹತ್ತಿರ ಕೇಳಿದರೆ ಒಂದು ಚೀಲ ತುಂಬ ಕೊಡುತ್ತಾರೆ. ಹತ್ತಿಯದನ್ನು ಮಾತ್ರ ಆರಿಸಿಕೊಳ್ಳಿ. ಕುರ್ಚಿಯ ಮೇಲೆ ಹಾಸಲು 18 ಇಂಚಿನ ಚೌಕದ ಕೌದಿ ಕಲಿಕೆಗೆ ಸರಿಯಾದ ಅಳತೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಹೊಲಿಯುವುದು ಹಳೆಯ ಪದ್ಧತಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯ ಕ್ರಮ ನನಗೆ ಬಹಳ ಇಷ್ಟ, ಹೊಸಬರಿಗೂ ಅದೇ ಸುಲಭ. ಅವರು ತೇಪೆಗಳನ್ನೆಲ್ಲ ಮೊದಲೇ ಅಳೆದು ಕತ್ತರಿಸಿ ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿಯಲ್ಲಿ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ತೇಪೆ ಇಡುತ್ತಾ ರನ್ನಿಂಗ್ ಹೊಲಿಗೆ ಹಾಕುತ್ತಾ ಅಂಚಿನ ಸುತ್ತ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ಬಟ್ಟೆ ಇಟ್ಟು ಹೊಲಿಯುತ್ತಾರೆ, ಅದನ್ನು ಫೂಲ ಎನ್ನುತ್ತಾರೆ. ಫೂಲ ಇಲ್ಲದಿದ್ದರೆ ಅವರ ಪಾಲಿಗೆ ಕೌದಿ ಪೂರ್ತಿಯಾಗಿಲ್ಲ.

ನಿಮ್ಮ ಚೌಕಕ್ಕೆ ಹಳೆಯ ಬೆಡ್‌ಶೀಟ್ ಅಥವಾ ಲುಂಗಿಯ ಎರಡು ಪದರ 19 ಇಂಚಿಗೆ ಕತ್ತರಿಸಿ, ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿಕೊಂಡು ಒಂದರ ಮೇಲೊಂದು ಇಡಿ. ನಡುವಿನಿಂದ ನಾಲ್ಕೂ ಮೂಲೆಗೆ, ನಾಲ್ಕೂ ಬದಿಗೆ ಉದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಪದರಗಳು ಜರುಗಿ, ನಡುವಿಗೆ ಬರುವಷ್ಟರಲ್ಲಿ ಮಿಕ್ಕ ಬಟ್ಟೆಯೆಲ್ಲ ಒಂದು ಗುಡ್ಡೆಯಾಗಿ ನಿಲ್ಲುತ್ತದೆ. ಆಮೇಲೆ ಒಂದೊಂದೇ ತೇಪೆಯ ಅಂಚನ್ನು ಕಾಲು ಇಂಚು ಒಳಗೆ ಮಡಚಿ, ಪಕ್ಕದ ತೇಪೆಯ ಮೇಲೆ ಅರ್ಧ ಇಂಚು ಏರುವ ಹಾಗೆ ಇಟ್ಟು ಹೊಲಿಯುತ್ತಾ ಹೋಗಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು, ಹೊಲಿಗೆಯ ಉದ್ದ ಸುಮಾರು 5 ಮಿಲಿಮೀಟರ್. ಇಲ್ಲಿ ರನ್ನಿಂಗ್ ಹೊಲಿಗೆಯೇ ಸಾಕು, ಭಾರ ಒಂದೇ ಸಾಲಿನ ಮೇಲೆ ಬೀಳುವುದಿಲ್ಲ. ದಾರ ಮಾತ್ರ ದಪ್ಪನೆಯ ಹತ್ತಿಯದಿರಲಿ. ಮೂರು ನಾಲ್ಕು ಪದರ ಚುಚ್ಚುವಾಗ ಸೂಜಿಯನ್ನು ತಳ್ಳುವ ಬೆರಳಿಗೆ ನೋವಾಗುತ್ತದೆ, ಲೋಹದ ಥಿಂಬಲ್ ಹಾಕಿಕೊಳ್ಳಿ. ಒಂದೇ ಸಲಕ್ಕೆ ಐದಾರು ಹೊಲಿಗೆ ಸೂಜಿಯಲ್ಲಿ ಏರಿಸಿಕೊಳ್ಳುವ ಬದಲು ಎರಡೆರಡೇ ತೆಗೆದರೆ ಅಡಿಯ ಪದರವೂ ಸರಿಯಾಗಿ ಸಿಗುತ್ತದೆ. ಪ್ರತಿ ಸಾಲು ಮುಗಿದಾಗ ತಿರುಗಿಸಿ ಹಿಂಬದಿ ನೋಡಿ. ಹೊಲಿಗೆ ಕಾಣದ ಜಾಗ ಇದ್ದರೆ ಅಲ್ಲಿ ಸೂಜಿ ಅಡಿಗೆ ತಲುಪಿಲ್ಲ. ಆ ಸಾಲನ್ನು ಆಗಲೇ ಬಿಚ್ಚಿ ಹಾಕಿ, ಮುಂದಿನ ಸಾಲು ಬಂದ ಮೇಲೆ ಬಿಚ್ಚುವುದು ಕಷ್ಟ.

ಒಗೆಯುವಾಗ ಕೌದಿಯನ್ನು ಹಿಂಡಬೇಡಿ. ಬಕೆಟ್ಟಿನಲ್ಲಿ ಅದ್ದಿ ಒತ್ತಿ ತೆಗೆದು, ಹಗ್ಗದ ಮೇಲೆ ತೂಗುಹಾಕದೆ ಬಿಸಿಲಿಗೆ ಚಪ್ಪಟೆಯಾಗಿ ಹಾಸಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ.